ಬಾಲ್ದಿಯ ತಳದಲ್ಲಿ ಉಳಿದದ್ದು

ಚಳಿಗಾಲದ ಪ್ರಾತಃಕಾಲ ಐದೂವರೆ ಗಂಟೆಗೆ, ಹಿಂಡನ್ ನದಿಯ ಬಯಲಿನಿಂದೆದ್ದ ಮಂಜು ನಮ್ಮ ವಸತಿಸಮುಚ್ಚಯದ ಗೋಪುರಗಳನ್ನು ಸೊಂಟದವರೆಗೆ ಸುತ್ತಿಕೊಂಡಿರುವ ಹೊತ್ತಿನಲ್ಲಿ, ಕೆಳಗಿನ ವಾಹನನಿಲ್ದಾಣದಲ್ಲಿ ಒಬ್ಬ ತರುಣನ ದಿನಚರಿ ಮೊದಲಾಗುತ್ತದೆ. ಬುಲಂದಶಹರದ ಕಡೆಯ ಹಳ್ಳಿಯೊಂದರಿಂದ ಬಂದಿರುವ ಆತನ ಪಾಲಿಗೆ ನಲವತ್ತು ಕಾರುಗಳುಂಟು. ಒಂದು ಬಾಲ್ದಿ, ಎರಡು ಬಟ್ಟೆ, ಚಿಕ್ಕ ಶೀಶೆಯಲ್ಲಿ ಒಂದಿಷ್ಟು ಶಾಂಪೂ, ಇವಿಷ್ಟೇ ಆತನ ಸಾಧನಸಂಪತ್ತು. ನಾಲ್ಕು ಕಾರುಗಳಿಗೆ ಒಂದು ಬಾಲ್ದಿಯಂತೆ ಎಲ್ಲವನ್ನೂ ಎಂಟು ಗಂಟೆಯೊಳಗೆ ಒರೆಸಿ ಮುಗಿಸಿ, ಪ್ರತಿಯೊಂದು ಬಾಲ್ದಿಯ ಕೊನೆಯ ನೀರನ್ನೂ ಇಳಿಜಾರಿನ ಅಂಚಿನ ಕಬ್ಬಿಣದ ಜಾಲರಿಯೊಳಕ್ಕೆ ಸುರಿದು ಆತ ಹೊರಟುಹೋಗುತ್ತಾನೆ. ಆತನ ನಾಲಗೆಯ ಬಾಲ್ಟಿಯೂ ನಮ್ಮ ಕರಾವಳಿಯ ಮನೆಗಳ ಬಾಲ್ದಿಯೂ ಪೋರ್ಚುಗೀಸ್ ನಾವಿಕರು ಬಿಟ್ಟುಹೋದ ಒಂದೇ ಶಬ್ದದ ಎರಡು ಕವಲುಗಳಾದ್ದರಿಂದ, ಈ ಊರಿಗೆ ಹೊಸದಾಗಿ ಬಂದ ದಿನಗಳಲ್ಲಿ ಆ ಒಂದು ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ತವರಿನವರು ಕರೆದಂತಾಗುತ್ತಿತ್ತು.

ಒಂದು ದಿನ ಆ ಕೊನೆಯ ನೀರಿನಲ್ಲಿ ಸ್ವಲ್ಪವನ್ನು ನನಗೆ ಕೊಡಬೇಕೆಂದು ಕೇಳಿದೆ. ಏತಕ್ಕೆಂದು ಆತ ಕೇಳಲಿಲ್ಲ. ಉಪ್ಪಿನಕಾಯಿ ಮುಗಿದು ಬರಿದಾಗಿದ್ದ ಗಾಜಿನ ಭರಣಿಯೊಂದನ್ನು ಕಂಠದವರೆಗೆ ತುಂಬಿಸಿಕೊಂಡು ಬಂದು, ಮನೆಯ ಜಗಲಿಯ ಕಟ್ಟೆಯ ಮೇಲೆ, ಯಾರೂ ಅಲುಗಿಸದ ಮೂಲೆಯಲ್ಲಿ ಇರಿಸಿದೆ. ಆಗ ಅದು ಅಡಿಯಿಂದ ಮುಡಿಯವರೆಗೆ ಒಂದೇ ಬೂದುಬಣ್ಣದ ದ್ರವವಾಗಿತ್ತು. ಮರುದಿನ ಬೆಳಗಿನ ಹೊತ್ತಿಗೆ ಅದು ತನ್ನಷ್ಟಕ್ಕೆ ಮೂರಾಗಿ ವಿಭಾಗಗೊಂಡಿತ್ತು: ತಳದಲ್ಲಿ ಎರಡು ಬೆರಳಿನ ದಪ್ಪಕ್ಕೆ ಕಪ್ಪು ಗೋಡು, ನಡುವೆ, ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿ, ಎಷ್ಟು ಹೊತ್ತಾದರೂ ತಿಳಿಯಾಗಲೊಲ್ಲದ ನೀರು, ಮೇಲ್ಭಾಗದಲ್ಲಿ, ಸೂರ್ಯನ ಓರೆಬೆಳಕು ಬಿದ್ದಾಗ ಮಾತ್ರ ಕಾಣುವ, ನವಿಲುಗರಿಯ ಬಣ್ಣಗಳ ಒಂದು ತೆಳುಪೊರೆ. ಈ ಅಧ್ಯಾಯದಲ್ಲಿ ನಾನು ಹೇಳಬೇಕಾಗಿರುವುದೆಲ್ಲ ಈ ಮೂರು ಪದರಗಳೊಳಗೇ ಅಡಗಿದೆ.

ನಾನು ನೆಲೆಸಿರುವ ಗ್ರೇಟರ್ ನೋಯ್ಡಾ ಮೋಟಾರು ವಾಹನಗಳೊಡನೆ ಹುಟ್ಟಿ ಬೆಳೆದ ಊರೆಂದರೆ ತಪ್ಪಾಗಲಾರದು. ಗೋಧಿ ಕಬ್ಬು ಬೆಳೆಯುತ್ತಿದ್ದ ಹಳ್ಳಿಗಳ ನೆಲವನ್ನು ಸ್ವಾಧೀನಪಡಿಸಿಕೊಂಡು, 1991ರಲ್ಲಿ ಸ್ಥಾಪಿತವಾದ ಔದ್ಯೋಗಿಕ ಪ್ರಾಧಿಕಾರವು ಈ ನಗರವನ್ನು ನಿರ್ಮಿಸತೊಡಗಿದ ನಾಲ್ಕೇ ವರ್ಷಗಳಲ್ಲಿ, ಸೂರಜ್‌ಪುರದ ಕಾರ್ಖಾನೆಯಿಂದ ಡೇವೂ ಸಂಸ್ಥೆಯ ಸಿಯೆಲೋ ಕಾರುಗಳು ಹೊರಬಂದವು. ಹೋಂಡಾ ಕಾರುಗಳು ತೊಂಬತ್ತರ ದಶಕದ ಉತ್ತರಾರ್ಧದಿಂದ 2020ರವರೆಗೆ ಇಲ್ಲಿಯೇ ತಯಾರಾದವು. 2014ರಿಂದ 2023ರವರೆಗೆ ದೇಶದ ದೊಡ್ಡ ಮೋಟಾರು ಪ್ರದರ್ಶನ ಇಲ್ಲಿಯ ಎಕ್ಸ್‌ಪೋ ಮಾರ್ಟ್ ಭವನಗಳಲ್ಲಿ ನೆರೆಯಿತು. 2011ರಿಂದ ಮೂರು ವರ್ಷ ಫಾರ್ಮುಲಾ ಒನ್ ರಥಗಳು ಇಲ್ಲಿಯ ಬುದ್ಧ ರೇಸ್‌ಪಥದಲ್ಲಿ ಗರ್ಜಿಸಿದವು. ರಾವಣನ ತಂದೆಯಾದ ವಿಶ್ರವಸ್ಸಿನ ಆಶ್ರಮವಿತ್ತೆಂದು ಸ್ಥಳೀಯರು ನಂಬುವ ಬಿಸರಖ್ ಗ್ರಾಮದ ಸುತ್ತಲೂ ಈಗ ಎತ್ತ ನೋಡಿದರತ್ತ ಗೋಪುರಗಳು, ಗೋಪುರಗಳ ಬುಡದಲ್ಲಿ ಸಾಲುಸಾಲು ಕಾರುಗಳು. ಕಟ್ಟಡ ಕಟ್ಟುವ ಕೆಲಸ ಎಂದೂ ನಿಲ್ಲದ ಕಾರಣ, ಒರೆಸಿದ ಕಾರು ಸಂಜೆಯೊಳಗೆ ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ಧೂಳನ್ನು ಹೊದ್ದುಕೊಳ್ಳುತ್ತದೆ. ಆದ್ದರಿಂದಲೇ ಇಲ್ಲಿ ಕಾರನ್ನು ನಿತ್ಯವೂ ತೊಳೆಸುವ ಪದ್ಧತಿ ಬೇರೂರಿದೆ.

ಈಗ ಭರಣಿಯ ತಳದ ಪದರವನ್ನು ನೋಡೋಣ. ಅದರ ಬಹುಭಾಗ ಸಾಧಾರಣ ಮಣ್ಣೇ, ಸಿಮೆಂಟಿನ ಹುಡಿಯೇ. ಆದರೆ ಚಕ್ರಗಳನ್ನು ಒರೆಸಿದ ಬಟ್ಟೆಯಿಂದ ಬಂದ ಕಪ್ಪು ಬೇರೆ ಜಾತಿಯದು. ಬ್ರೇಕು ಹಾಕಿದಾಗಲೆಲ್ಲ ಅದರ ಪಟ್ಟಿ ಸವೆದು ಕಬ್ಬಿಣ, ತಾಮ್ರ ಮೊದಲಾದ ಲೋಹಗಳ ಸೂಕ್ಷ್ಮಚೂರ್ಣ ಚಕ್ರದ ಸಂದುಗಳಲ್ಲಿ ಶೇಖರವಾಗುತ್ತದೆ. ಟೈರು ರಸ್ತೆಗೆ ಉಜ್ಜಿ ಉಜ್ಜಿ ರಬ್ಬರಿನ ಕಣಗಳನ್ನೂ, ಅದರೊಳಗಿನ ಸತುವನ್ನೂ ಉದುರಿಸುತ್ತದೆ. ನೀರಿನಲ್ಲಿ ಕರಗಿದ ತಾಮ್ರ ಅತ್ಯಲ್ಪ ಪ್ರಮಾಣದಲ್ಲಿಯೂ ಮೀನುಗಳ ಘ್ರಾಣಶಕ್ತಿಯನ್ನು ಕುಗ್ಗಿಸುತ್ತದೆಂಬುದು ಸಿದ್ಧಪಟ್ಟ ಮೇಲೆ, ಅಮೆರಿಕದ ವಾಷಿಂಗ್ಟನ್, ಕ್ಯಾಲಿಫೋರ್ನಿಯಾ ಸಂಸ್ಥಾನಗಳು 2010ರಲ್ಲಿ ಬ್ರೇಕುಪಟ್ಟಿಯೊಳಗಿನ ತಾಮ್ರವನ್ನು ಹಂತಹಂತವಾಗಿ ಕಡಿಮೆಮಾಡಬೇಕೆಂದು ಶಾಸನ ಮಾಡಿದವು. ಟೈರಿನ ಕಥೆ ಇನ್ನೂ ದುಃಖಕರವಾದದ್ದು. ಸಿಯಾಟಲ್ ನಗರದ ಸುತ್ತಣ ಹೊಳೆಗಳಿಗೆ ಮೊಟ್ಟೆಯಿಡಲು ಸಮುದ್ರದಿಂದ ಮರಳಿಬರುತ್ತಿದ್ದ ಕೋಹೋ ಸಾಲ್ಮನ್ ಮೀನುಗಳು, ಮಳೆ ಬಂದು ರಸ್ತೆಯ ನೀರು ಹೊಳೆಗೆ ಸೇರಿದ ಕೆಲವೇ ಗಂಟೆಗಳಲ್ಲಿ, ಮೊಟ್ಟೆಯಿಡುವುದಕ್ಕೆ ಮೊದಲೇ ಸಾಯುತ್ತಿದ್ದವು. ಅನೇಕ ವರ್ಷಗಳ ಶೋಧದ ತರುವಾಯ 2020ರಲ್ಲಿ, ಟೈರು ಬಿರುಕುಬಿಡದಂತೆ ಕಾಯಲು ಬೆರೆಸುವ 6ಪಿಪಿಡಿ ಎಂಬ ದ್ರವ್ಯವು ಗಾಳಿಯ ಓಜೋನಿನೊಡನೆ ಸೇರಿ ಮಾರ್ಪಟ್ಟು ಈ ಮಾರಕ ವಿಷವಾಗುತ್ತದೆಂಬುದು ಬೆಳಕಿಗೆ ಬಂದಿತು. ಟೈರನ್ನು ರಕ್ಷಿಸಲೆಂದು ಹಾಕಿದ್ದು ಹೊಳೆಯ ಒಡಲನ್ನು ಬರಿದುಮಾಡಿತ್ತು.

ನಡುವಣ ಮಬ್ಬುನೀರು ಶಾಂಪೂವಿನ ಕೃತ್ಯ. ಮಾರ್ಜಕದ ಒಂದೊಂದು ಅಣುವಿಗೂ ನೀರನ್ನು ಪ್ರೀತಿಸುವ ಒಂದು ತಲೆಯೂ, ನೀರನ್ನು ದ್ವೇಷಿಸಿ ಎಣ್ಣೆಯನ್ನು ಅರಸುವ ಒಂದು ಬಾಲವೂ ಉಂಟು. ಜಿಡ್ಡಿನ ಹನಿ ಸಿಕ್ಕಿತೆಂದರೆ ನೂರಾರು ಬಾಲಗಳು ಅದರೊಳಕ್ಕೆ ನಾಟಿಕೊಂಡು, ತಲೆಗಳು ಹೊರಮುಖವಾಗಿ ನಿಂತು, ಅದನ್ನು ಲೋಹದ ಮೈಯಿಂದ ಎತ್ತಿ ನೀರಿನಲ್ಲಿ ತೇಲಿಸುತ್ತವೆ. ಈ ಪುಟ್ಟ ಪಲ್ಲಕ್ಕಿಗಳೇ ನೀರನ್ನು ತಿಳಿಯಾಗಗೊಡದೆ ಮಬ್ಬಾಗಿಸುವುದು. ಆದರೆ ಕಾರಿನ ಜಿಡ್ಡಿಗೂ ಮೀನಿನ ಕಿವಿರಿನ ಲೋಳೆಗೂ ಭೇದವೆಣಿಸುವ ವಿವೇಕ ಆ ಅಣುವಿಗಿಲ್ಲ. ಕಿವಿರಿನ ರಕ್ಷಾಕವಚವನ್ನೂ ಅದು ಅಷ್ಟೇ ನಿಷ್ಠೆಯಿಂದ ಕಳಚುತ್ತದೆ.

ಶೀಶೆಯ ಮೇಲಿನ ಚೀಟಿಯಲ್ಲಿ, ಇದು ಸೂಕ್ಷ್ಮಜೀವಿಗಳಿಂದ ಕರಗಿಹೋಗುವಂಥದೆಂಬ ಆಶ್ವಾಸನೆ ಅಚ್ಚಾಗಿರುತ್ತದೆ. ಈ ಆಶ್ವಾಸನೆಗೆ ಒಂದು ಇತಿಹಾಸವಿದೆ. ದ್ವಿತೀಯ ಮಹಾಯುದ್ಧದ ತರುವಾಯ ಬಳಕೆಗೆ ಬಂದ ಕೃತಕ ಮಾರ್ಜಕಗಳ ಬಾಲ ಕವಲುಕವಲಾಗಿದ್ದು, ಬ್ಯಾಕ್ಟೀರಿಯಾಗಳಿಗೆ ಅದನ್ನು ಅಗಿಯಲು ಆಗುತ್ತಿರಲಿಲ್ಲ. ಯೂರೋಪಿನ ನದಿಗಳ ಮೇಲೆ ಆಳೆತ್ತರದ ನೊರೆ ಎದ್ದಿತು. ಪಶ್ಚಿಮ ಜರ್ಮನಿ 1961ರಲ್ಲಿ ಇದಕ್ಕಾಗಿಯೇ ಶಾಸನ ಮಾಡಿತು. ಕೆಲವೇ ವರ್ಷಗಳಲ್ಲಿ ತಯಾರಕರು ನೇರಬಾಲದ ಮಾರ್ಜಕಗಳಿಗೆ ತಿರುಗಿದರು. ಇಂದು ನಾವು ಬಳಸುವುದು ಪ್ರಾಯಶಃ ಈ ವಂಶದ್ದೇ. ಆದರೆ ಆ ಬಾಲವನ್ನು ತಿಂದು ಜೀರ್ಣಿಸಿಕೊಳ್ಳುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕು, ಕಾಲಾವಕಾಶವೂ ಬೇಕು. ಗಾಳಿಯೂದಿ ನೀರನ್ನು ಕಲಕುತ್ತಿರುವ ಶುದ್ಧೀಕರಣ ಘಟಕದ ತೊಟ್ಟಿಯಲ್ಲಿ ಎರಡೂ ಉಂಟು. ಆಮ್ಲಜನಕ ಬಹುಮಟ್ಟಿಗೆ ಬತ್ತಿಹೋದ ಹಿಂಡನ್ ನದಿಯಲ್ಲಿ ಮೊದಲನೆಯದೇ ಇಲ್ಲ. ಹೀಗಾಗಿ ಒಂದೇ ಶೀಶೆಯ ಒಂದೇ ಮಾತು ಒಂದು ಕೊಳವೆಯ ಕೊನೆಯಲ್ಲಿ ಸತ್ಯವಾಗಿಯೂ, ಇನ್ನೊಂದರ ಕೊನೆಯಲ್ಲಿ ಮಿಥ್ಯೆಯಾಗಿಯೂ ಪರಿಣಮಿಸುತ್ತದೆ.

ಈ ಎರಡು ಕೊಳವೆಗಳ ಭೇದವನ್ನು ತಿಳಿಯದವರೇ ನಮ್ಮಲ್ಲಿ ಹೆಚ್ಚು. ಇಲ್ಲಿಗೆ ಬಂದ ಮೊದಲ ಕೆಲವು ವರ್ಷ ನಾನೂ ತಿಳಿದಿರಲಿಲ್ಲ. ಸ್ನಾನದ ಮನೆ, ಅಡಿಗೆಯ ಮನೆಗಳ ನೀರು ಒಳಚರಂಡಿಯನ್ನು ಸೇರಿ, ದಿನವೊಂದಕ್ಕೆ 13 ಕೋಟಿ ಲೀಟರಿಗೂ ಮಿಗಿಲಾದ ಸಾಮರ್ಥ್ಯವುಳ್ಳ ಕಾಸ್ನಾದ ಶುದ್ಧೀಕರಣ ಘಟಕದಂತಹ ಸ್ಥಳಗಳಿಗೆ ಹೋಗಬೇಕೆಂಬುದು ವ್ಯವಸ್ಥೆ. ರಸ್ತೆಬದಿಯ ಜಾಲರಿಯೊಳಕ್ಕೆ ಬಿದ್ದ ನೀರಿಗಾದರೋ ಈ ಸಂಸ್ಕಾರವಿಲ್ಲ. ಅದು ಮಳೆನೀರಿಗೆಂದು ತೋಡಿದ ಕಾಲುವೆ. ಅದರೊಳಗೆ ಬಿದ್ದದ್ದು ಬಿದ್ದ ರೂಪದಲ್ಲಿಯೇ ಹಳ್ಳಕ್ಕೆ, ಹಳ್ಳದಿಂದ ಹಿಂಡನ್ನಿಗೆ, ಹಿಂಡನ್ನಿನಿಂದ ಇದೇ ಜಿಲ್ಲೆಯ ಮೋಮನಾಥಲ್ ಗ್ರಾಮದ ಬಳಿ ಯಮುನೆಗೆ ಹೋಗಿ ಮುಟ್ಟುತ್ತದೆ. ದಾರಿಯಲ್ಲಿ ಅದಕ್ಕೆ ಇನ್ನೂ ಹಲವು ಬಾಗಿಲುಗಳುಂಟು. ಸಾರಸಪಕ್ಷಿಗಳೂ ಚಳಿಗಾಲದ ವಲಸೆ ಬಾತುಗಳೂ ಇಳಿಯುವ ಸೂರಜ್‌ಪುರದ ಜೌಗುಕೆರೆ ಮಳೆಯನ್ನು ನಂಬಿ ಬದುಕುವ ಕೆರೆಯಾದರೂ, ಹಿಂಡನ್ನಿಗೆ ಕೂಡಿಕೊಂಡಿರುವ ಹವಾಲಿಯಾ ನಾಲೆಯ ನೀರೂ ಅದಕ್ಕೆ ಬಂದು ಸೇರುತ್ತದೆ. ಇವೆಲ್ಲಕ್ಕಿಂತ ಅಪಾಯಕರವಾದ ಬಾಗಿಲೆಂದರೆ, ನಮ್ಮಂತಹ ವಸತಿಸಮುಚ್ಚಯಗಳ ಅಂಗಳಗಳಲ್ಲಿರುವ ಮಳೆನೀರಿನ ಇಂಗುಬಾವಿಗಳು. ಅಂತರ್ಜಲವನ್ನು ತುಂಬಿಸಬೇಕೆಂಬ ಸದುದ್ದೇಶದಿಂದ ತೋಡಿದ ಈ ಬಾವಿಗಳಿಗೆ ಕಾರು ತೊಳೆದ ನೀರಿನ ಹಾದಿ ಕೂಡಿಕೊಂಡಿತೆಂದರೆ, ನದಿ ತಂದು ಹಾಸಿದ ಮರಳಿನ ಪದರಗಳ ಮೂಲಕ ನೂರಾರು ವರ್ಷಗಳ ಶೋಧನೆಗೊಂಡು ಕೆಳಗೆ ಸಂಗ್ರಹವಾಗಿರುವ ನೀರಿಗೆ ನಾವೇ ಒಂದು ಅಡ್ಡದಾರಿಯನ್ನು ಕೊರೆದು ಕೊಟ್ಟಂತಾಯಿತು. ದೆಹಲಿಯ ದ್ವಾರಕಾ ಬಡಾವಣೆಯಲ್ಲಿ ಇಂಗುಬಾವಿಗಳ ಮೂಲಕ ಹೊಲಸು ಅಂತರ್ಜಲಕ್ಕೆ ಇಳಿಯುತ್ತಿದ್ದ ವಿಷಯ ರಾಷ್ಟ್ರೀಯ ಹಸಿರು ನ್ಯಾಯಪೀಠದವರೆಗೂ ಹೋಯಿತು. ಬಾವಿ ತೋಡುವುದು ಸುಲಭ; ಅದರ ಬಾಯಿಗೆ ಯಾವ ನೀರು ಬರುತ್ತಿದೆಯೆಂದು ವರ್ಷಕ್ಕೊಮ್ಮೆಯಾದರೂ ಬಗ್ಗಿ ನೋಡುವವರು ಬೇಕು.

ಮಾರ್ಜಕದ ನೊರೆಯನ್ನು ಕಣ್ಣಾರೆ ಕಾಣಬೇಕೆಂದಿರುವವರು ನೋಯ್ಡಾದ ಹೆಬ್ಬಾಗಿಲಿನಂತಿರುವ ಕಾಲಿಂದಿ ಕುಂಜದ ಸೇತುವೆಯ ಮೇಲೆ, ಮಳೆಗಾಲ ಮುಗಿದ ಕೆಲವು ವಾರಗಳಿಗೆ, ಛಠ್ ಪೂಜೆಯ ಆಸುಪಾಸಿನಲ್ಲಿ ನಿಲ್ಲಬೇಕು. ಓಖ್ಲಾ ಅಣೆಕಟ್ಟಿನಿಂದ ಧುಮುಕುವ ಯಮುನೆ ಗಾಳಿಯನ್ನು ತನ್ನೊಳಕ್ಕೆ ಎಳೆದುಕೊಂಡಾಗ, ಶುದ್ಧಜಲವಾಗಿದ್ದರೆ ಕ್ಷಣಾರ್ಧದಲ್ಲಿ ಒಡೆದುಹೋಗಬೇಕಾಗಿದ್ದ ಗುಳ್ಳೆಗಳು, ಮಾರ್ಜಕದ ಅಣುಗಳ ಬಲದಿಂದ ಒಡೆಯದೆ ಒಂದರ ಮೇಲೊಂದು ಏರಿ, ಹಿಮರಾಶಿಯಂತೆ ನದಿಯನ್ನು ಮುಚ್ಚುತ್ತವೆ. ಅದರೊಳಗೆ ಸೊಂಟದವರೆಗೆ ನಿಂತು ಸ್ತ್ರೀಯರು ಸೂರ್ಯನಿಗೆ ಅರ್ಘ್ಯವೆತ್ತುತ್ತಾರೆ. ಈ ದೃಶ್ಯ ನನಗೆ ಹೊಸದಾಗಿರಲಿಲ್ಲ. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ದಾರಿಹೋಕರ ಮೈಮೇಲೆ ಬಿದ್ದುದನ್ನೂ, ಅದೇ ವರ್ಷ ಮೇ ತಿಂಗಳಿನಲ್ಲಿ ಆ ಕೆರೆಗೆ ಬೆಂಕಿ ಹೊತ್ತಿಕೊಂಡುದನ್ನೂ ಕನ್ನಡಿಗರು ಮರೆತಿರಲಾರರು. ನೀರು ಉರಿಯಿತೆಂಬ ವಾಕ್ಯವನ್ನು ನಮ್ಮ ಹಿರಿಯರು ಕೇಳಿದ್ದರೆ ಪುರಾಣದ ಮಾತೆಂದುಕೊಳ್ಳುತ್ತಿದ್ದರು.

ಇನ್ನು ಮೇಲಿನ ಪೊರೆ. ನೀರಿನ ಮೇಲೆ ಎಣ್ಣೆ ಹರಡುವ ಬಗೆಯನ್ನು ಕುರಿತು ಮೊದಲು ಯೋಚಿಸಿದವರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಒಬ್ಬ. ಲಂಡನ್ನಿನ ಕ್ಲಾಫಮ್ ಕೊಳದ ಮೇಲೆ ಆತ ಸುರಿದ ಒಂದು ಚಮಚದಷ್ಟು ಎಣ್ಣೆ ಅರ್ಧ ಎಕರೆಯಷ್ಟು ನೀರನ್ನು ಕನ್ನಡಿಯಂತೆ ಶಾಂತಗೊಳಿಸಿದುದನ್ನು 1774ರಲ್ಲಿ ಪ್ರಕಟಿಸಿದ. ಆದರೆ ಈ ವಿಷಯದಲ್ಲಿ ನನ್ನ ಹೆಚ್ಚಿನ ಗೌರವ ಸಲ್ಲುವುದು ಜರ್ಮನಿಯ ಆಗ್ನೆಸ್ ಪೊಕೆಲ್ಸ್ ಎಂಬ ಮಹಿಳೆಗೆ. ವಿಶ್ವವಿದ್ಯಾನಿಲಯದ ಬಾಗಿಲು ಸ್ತ್ರೀಯರಿಗೆ ಮುಚ್ಚಿದ್ದ ಕಾಲದಲ್ಲಿ, ರೋಗಿಗಳಾದ ತಂದೆತಾಯಿಯರ ಶುಶ್ರೂಷೆ ಮಾಡುತ್ತ ಮನೆವಾರ್ತೆ ನೋಡಿಕೊಂಡಿದ್ದ ಆಕೆ, ಪಾತ್ರೆ ತೊಳೆಯುವ ನೀರಿನ ಮೇಲಿನ ಜಿಡ್ಡನ್ನೇ ದಿಟ್ಟಿಸಿ ನೋಡಿ, ಅಡಿಗೆಮನೆಯ ಸಲಕರಣೆಗಳಿಂದಲೇ ಅದನ್ನು ಅಳೆಯುವ ಉಪಾಯವನ್ನು ಕಂಡುಹಿಡಿದಳು. ಆಕೆ ಬರೆದ ಪತ್ರವನ್ನು ವಿಜ್ಞಾನಿ ಲಾರ್ಡ್ ರ‍್ಯಾಲೆ 1891ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸುವಂತೆ ಮಾಡಿದ. ತೊಳೆದ ನೀರನ್ನು ಚೆಲ್ಲುವುದಕ್ಕೆ ಮೊದಲು ಒಂದು ಗಳಿಗೆ ನಿಂತು ನೋಡಿದವಳ ದೃಷ್ಟಿಯಿಂದ ಒಂದು ಶಾಸ್ತ್ರವೇ ಹುಟ್ಟಿತು.

ಆಕೆಯ ಮಾರ್ಗದಲ್ಲಿಯೇ ನಾವೂ ಒಂದು ಲೆಕ್ಕ ಮಾಡಬಹುದು. ಕಾಮನಬಿಲ್ಲಿನ ಬಣ್ಣ ಕಾಣಬೇಕಾದರೆ ಎಣ್ಣೆಯ ಪೊರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಮೂರು ಭಾಗದಷ್ಟು ದಪ್ಪವಿದ್ದರೆ ಸಾಕು. ಆ ದಪ್ಪಕ್ಕೆ ಹರಡಿದ ಒಂದು ಲೀಟರು ಎಂಜಿನ್ ಎಣ್ಣೆ ಮುಕ್ಕಾಲು ಎಕರೆಗೂ ಮಿಗಿಲಾದ ನೀರನ್ನು ಮುಚ್ಚಬಲ್ಲುದು. ಒಂದು ಕಾರಿನಿಂದ ಬದಲಾಯಿಸಿ ತೆಗೆಯುವ ಮೂರು ನಾಲ್ಕು ಲೀಟರು ಎಣ್ಣೆಗೆ ಒಂದು ಹಳ್ಳಿಯ ಕೆರೆಯೇ ಸಾಲದೆ ಬಂದೀತು. ನೆಲಮಾಳಿಗೆಯಲ್ಲಿ ನಿಂತ ಕಾರಿನಿಂದ ಹತ್ತು ನಿಮಿಷಕ್ಕೊಂದು ಹನಿ ತೊಟ್ಟಿಕ್ಕಿದರೆ ನಾವದನ್ನು ಸೋರಿಕೆಯೆಂದು ಲೆಕ್ಕಿಸುವುದೇ ಇಲ್ಲ; ಇಪ್ಪತ್ತು ಹನಿಗೆ ಒಂದು ಮಿಲಿಲೀಟರಿನಂತೆ ಕೂಡಿಸಿದರೆ ಅದೂ ವರ್ಷಕ್ಕೆ ಎರಡೂವರೆ ಲೀಟರನ್ನು ದಾಟುತ್ತದೆ. ಅಕ್ಟೋಬರಿನಿಂದ ಜೂನಿನವರೆಗೆ ಮಳೆ ಬಹು ವಿರಳವಾಗಿರುವ ಈ ಸೀಮೆಯಲ್ಲಿ, ಒಂಬತ್ತು ತಿಂಗಳ ಹನಿಗಳು ರಸ್ತೆಯ ಮೈಯಲ್ಲಿ ಕೂಡಿಕೊಂಡಿದ್ದು, ಮುಂಗಾರಿನ ಮೊದಲ ಮಳೆಯಲ್ಲಿ ಒಮ್ಮೆಲೇ ಕಾಲುವೆಗೆ ಇಳಿಯುತ್ತವೆ. ಮೊದಲ ಮಳೆಯ ದಿನ ಸ್ಕೂಟರುಗಳು ಜಾರಿಬೀಳುವುದಕ್ಕೂ, ಅಂದಿನ ಹಳ್ಳದ ನೀರು ವರ್ಷದಲ್ಲಿಯೇ ಅತ್ಯಂತ ಹೊಲಸಾಗಿರುವುದಕ್ಕೂ ಕಾರಣ ಒಂದೇ.

ಬಳಸಿ ತೆಗೆದ ಎಣ್ಣೆಯಲ್ಲಿ ಎಂಜಿನ್ನಿನ ಸವೆತದಿಂದ ಬಂದ ಲೋಹಕಣಗಳೂ, ದಹನದಿಂದ ಹುಟ್ಟಿದ, ಅರ್ಬುದರೋಗಕ್ಕೆ ಕಾರಣವಾಗಬಲ್ಲ ಸಂಯುಕ್ತಗಳೂ ಸೇರಿರುತ್ತವೆ. ದೊಡ್ಡ ಸರ್ವಿಸ್ ಕೇಂದ್ರಗಳು ಇದನ್ನು ಪೀಪಾಯಿಗಳಲ್ಲಿ ಶೇಖರಿಸಿ, ಮರುಶುದ್ಧೀಕರಣಕ್ಕೆ ಪರವಾನಗಿಯುಳ್ಳವರಿಗೆ ಒಪ್ಪಿಸಬೇಕೆಂದು ಅಪಾಯಕರ ತ್ಯಾಜ್ಯಗಳ ನಿಯಮಗಳು ವಿಧಿಸುತ್ತವೆ. ರಸ್ತೆಬದಿಯ ಮೆಕ್ಯಾನಿಕ್ಕನ ಬಳಿ ಅದಕ್ಕೆ ಬೇರೊಂದು ಗತಿಯುಂಟು: ಕಟ್ಟಡದ ಕೆಲಸದವರು ಕಾಂಕ್ರೀಟು ಅಂಟಿಕೊಳ್ಳದಂತೆ ಸೆಂಟ್ರಿಂಗ್ ಹಲಗೆಗಳಿಗೆ ಬಳಿಯಲು ಆ ‘ಕಾಲಾ ತೇಲ್’ ಕೊಂಡೊಯ್ಯುತ್ತಾರೆ. ಬಡವನ ಜಾಣ್ಮೆಯೆಂದು ಮೆಚ್ಚಬಹುದಾಗಿದ್ದ ಈ ಪದ್ಧತಿಯಲ್ಲಿ, ಹಲಗೆಯ ಎಣ್ಣೆಯೆಲ್ಲ ಮೊದಲ ಮಳೆಗೆ ನೆಲಕ್ಕಿಳಿಯುವುದೊಂದೇ ದೋಷ. ಆ ದೋಷ ಸಣ್ಣದಲ್ಲ. ಎಂಜಿನ್ನನ್ನು ತಂಪಾಗಿಡುವ ಕೂಲಂಟ್ ದ್ರವದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು; ಅದರೊಳಗಿನ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ಬೀದಿನಾಯಿ, ಬೆಕ್ಕುಗಳು ಅದನ್ನು ನೆಕ್ಕಿ ಮೂತ್ರಪಿಂಡ ಕೆಟ್ಟು ಸಾಯುತ್ತವೆ.

ಹಿಂಡನ್ ನದಿಯನ್ನು ಕೆಡಿಸಿದ್ದು ಕಾರು ತೊಳೆದ ನೀರೆಂದು ನಾನು ಹೇಳಿದರೆ ಅದು ಅಸತ್ಯವಾದೀತು. ಸಹಾರನಪುರದಿಂದ ಗಾಜಿಯಾಬಾದಿನವರೆಗೆ ಸಕ್ಕರೆ, ಕಾಗದ, ಮದ್ಯಸಾರಗಳ ಕಾರ್ಖಾನೆಗಳೂ ಪಟ್ಟಣಗಳ ಮಲಿನಜಲವೂ ಅದಕ್ಕೆ ಮಾಡಿರುವ ದ್ರೋಹದ ಮುಂದೆ ನಮ್ಮ ಬಾಲ್ದಿ ಅತ್ಯಲ್ಪ. ಆದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಹೊಳೆ ದೊಡ್ಡದಾಗಿತ್ತು, ಹಣ್ಣು ಚಿಕ್ಕದಾಗಿತ್ತು. ಎಷ್ಟು ಕಿವುಚಿದರೂ ಹೊಳೆ ಹುಳಿಯಾಗುತ್ತಿರಲಿಲ್ಲ. ಹರನಂದಿಯೆಂಬ ಹಳೆಯ ಹೆಸರಿನ ಈ ಮಳೆಯಾಧಾರಿತ ನದಿಯಲ್ಲಿ ಬೇಸಗೆಯಲ್ಲಿ ಹರಿಯುವುದೇ ಬಹುಪಾಲು ಕೊಳಚೆ. ಕರಗಿಸಿಕೊಳ್ಳುವ ಹೊಳೆಯೇ ಉಳಿದಿಲ್ಲದ ಮೇಲೆ ಚಿಕ್ಕ ಹಣ್ಣಿಗೂ ಲೆಕ್ಕವಿಡಬೇಕಾಗುತ್ತದೆ. ಮಲಿನಕರ ವಸ್ತುವನ್ನು ತಿಳಿದೂ ತಿಳಿದೂ ಹಳ್ಳಕ್ಕೆ, ಬಾವಿಗೆ, ಒಳಚರಂಡಿಗೆ, ಬರಿಯ ನೆಲಕ್ಕೆ ಸಹ ಬಿಡಕೂಡದೆಂದು 1974ರ ಜಲ ಕಾಯಿದೆಯ 24ನೆಯ ಪ್ರಕರಣ ಹೇಳುವಾಗ, ಕಾರ್ಖಾನೆಯನ್ನೂ ಮನೆಯನ್ನೂ ಅದು ಬೇರ್ಪಡಿಸಿಲ್ಲ.

ನೀರಿನ ಪ್ರಮಾಣದ ಪ್ರಶ್ನೆಯೂ ಇದಕ್ಕೆ ಹೆಣೆದುಕೊಂಡಿದೆ. ಗಂಗಾ ಕಾಲುವೆಯಿಂದ 85 ಕ್ಯೂಸೆಕ್ ನೀರನ್ನು ಈ ನಗರಕ್ಕೆ ತರುವ ಯೋಜನೆ 2022ರಲ್ಲಿ ಕಾರ್ಯಾರಂಭವಾಗುವವರೆಗೂ ನಾವು ಕುಡಿದದ್ದು, ತೊಳೆದದ್ದು ಎಲ್ಲವೂ ಕೊಳವೆಬಾವಿಯ ನೀರೇ. ಕೈಕೊಳವೆ ಹಿಡಿದು ಹತ್ತು ನಿಮಿಷ ಒಂದು ಕಾರಿಗೆ ನೀರು ಹಾಯಿಸಿದರೆ ನೂರೈವತ್ತು ಲೀಟರು ಹೋಗುತ್ತದೆ. ನಮ್ಮ ತರುಣ ನಲವತ್ತು ಕಾರುಗಳನ್ನು ಒರೆಸಲು ಬಳಸುವ ಹತ್ತು ಬಾಲ್ದಿಗಳ ನೀರೂ ಹೆಚ್ಚುಕಡಮೆ ಅಷ್ಟೇ. 2024ರ ಬೇಸಗೆಯಲ್ಲಿ ಬೆಂಗಳೂರಿನ ಜಲಮಂಡಳಿ, ಕುಡಿಯುವ ನೀರಿನಲ್ಲಿ ವಾಹನ ತೊಳೆದವರಿಗೆ 5000 ರೂಪಾಯಿಗಳ ದಂಡ ವಿಧಿಸಿದಾಗ, ಬಾಲ್ದಿ ಹಿಡಿದವರು ಎಷ್ಟು ಮಿತವ್ಯಯಿಗಳೆಂಬುದು ನಗರಕ್ಕೆ ಅರಿವಾಯಿತು. ಆದಕಾರಣ ಬಾಲ್ದಿಯೇ ಶ್ರೇಷ್ಠವೆಂದು ನನ್ನ ಅಭಿಪ್ರಾಯ. ತಿದ್ದಬೇಕಾಗಿರುವುದು ಅದನ್ನು ಬರಿದುಮಾಡುವ ಸ್ಥಳ. ಧೂಳನ್ನು ಒಣಬಟ್ಟೆಯಿಂದ ಮೊದಲೇ ಕೊಡವಿದರೆ ಶಾಂಪೂ ನಿತ್ಯ ಬೇಕಾಗುವುದಿಲ್ಲ. ಶಾಂಪೂ ಹಾಕಿದ ದಿನ ಆ ನೀರು ಬಚ್ಚಲುಮನೆಯ ಕೊಳವೆಗೆ ಸಲ್ಲಬೇಕು. ಬರಿಯ ಧೂಳಿನ ನೀರಾದರೆ ಹುಲ್ಲುಹಾಸಿಗೆ ಸುರಿಯಬಹುದು, ಮೇಲ್ಮಣ್ಣಿನ ಜೀವಿಗಳು ಅದನ್ನು ನಿಭಾಯಿಸಿಕೊಳ್ಳುತ್ತವೆ. ಎಂಜಿನ್ ತೊಳೆಯುವುದು, ಜಿಡ್ಡು ತೆಗೆಯುವ ರಾಸಾಯನಿಕ ಬಳಸುವುದು, ಇವು ಎಣ್ಣೆಯನ್ನು ನೀರಿನಿಂದ ಬೇರ್ಪಡಿಸುವ ತೊಟ್ಟಿಯಿರುವ ಕೇಂದ್ರದಲ್ಲಿ ಮಾತ್ರವೇ ಆಗತಕ್ಕದ್ದು. ಸೋರಿಕೆಯನ್ನು ಪತ್ತೆಮಾಡಲು ರಾತ್ರಿ ಕಾರಿನ ಕೆಳಗೆ ಹಳೆಯ ರಟ್ಟಿನ ತುಂಡೊಂದನ್ನು ಹಾಸಿ, ಬೆಳಿಗ್ಗೆ ಅದರ ಮೇಲಿನ ಕಲೆಯ ಬಣ್ಣವನ್ನು ನೋಡಿದರಾಯಿತು: ಕಪ್ಪು ಕಂದು ಎಂಜಿನ್ ಎಣ್ಣೆ, ಹಸಿರು ಅಥವಾ ಗುಲಾಬಿ ಕೂಲಂಟ್, ಬಣ್ಣವಿಲ್ಲದ ಒದ್ದೆ ಬಹುಶಃ ಹವಾನಿಯಂತ್ರಕದ ನೀರು.

ನಾಲ್ಕನೆಯ ದಿನ ಭರಣಿಯನ್ನು ತೆರವುಮಾಡಬೇಕಾಯಿತು. ಎಲ್ಲಿ ಸುರಿಯುವುದೆಂದು ನಾನು ನಿಂತಲ್ಲೇ ನಿಂತೆ. ಹಳೆಯ ವೃತ್ತಪತ್ರಿಕೆಯ ಹಾಳೆಯನ್ನು ಮೇಲ್ಮೈಗೆ ಮೆಲ್ಲನೆ ತಾಗಿಸಿ ಎಣ್ಣೆಯ ಪೊರೆಯನ್ನು ಹೀರಿಸಿದೆ. ನಡುವಣ ನೀರನ್ನು ಗೋಡು ಕದಡದಂತೆ ಬಗ್ಗಿಸಿ ಸ್ನಾನದ ಮನೆಯ ಕೊಳವೆಗೆ ಬಿಟ್ಟೆ. ತಳದ ಕಪ್ಪನ್ನು ತಟ್ಟೆಯಲ್ಲಿ ಹರಡಿ ಬಿಸಿಲಿಗೆ ಒಣಗಿಸಿ, ಎರಡು ಚಮಚದಷ್ಟಾದ ಆ ಹುಡಿಯನ್ನೂ ಎಣ್ಣೆ ಹೀರಿದ ಹಾಳೆಯನ್ನೂ ಪೊಟ್ಟಣ ಕಟ್ಟಿ, ಹಳೆಯ ಬ್ಯಾಟರಿ, ಒಡೆದ ಟ್ಯೂಬ್‌ಲೈಟುಗಳಿರುವ ಡಬ್ಬದೊಳಕ್ಕೆ ಹಾಕಿದೆ. ಮರುದಿನ ಬೆಳಿಗ್ಗೆ ನಾನು ತೋರಿಸಿದ ಕಸಗುಡಿಸುವವರ ಕೋಣೆಯ ಮೋರಿಗೆ ತರುಣ ತನ್ನ ಮೊದಲನೆಯ ಬಾಲ್ದಿಯನ್ನು ಬರಿದುಮಾಡಿದ. ಎರಡನೆಯದನ್ನು ಜಾಲರಿಗೇ ಸುರಿದ. ಕೋಣೆ ಐವತ್ತು ಹೆಜ್ಜೆ ದೂರವಿತ್ತು, ಇನ್ನೂ ಮೂವತ್ತೆರಡು ಕಾರುಗಳು ಉಳಿದಿದ್ದವು. ಆ ಸಂಜೆಯೇ ವಸತಿಸಮುಚ್ಚಯದ ಸಮಿತಿಗೆ, ಜಾಲರಿಯ ಪಕ್ಕದಲ್ಲಿಯೇ ಒಳಚರಂಡಿಗೆ ಕೂಡುವ ಒಂದು ಚಿಕ್ಕ ತೊಟ್ಟಿ ಬೇಕೆಂದು ಅರ್ಜಿ ಬರೆದುಕೊಟ್ಟೆ.